ವ್ಯಾಲ್ಯೂ ಬದಲಾದರೆ ಯಾರಿಗೆ ಹೇಳಬೇಕು? ಜಾವಾಎಫ್‌ಎಕ್ಸ್‌ನಲ್ಲಿ ಲಿಸನರ್, ಬೈಂಡಿಂಗ್, ಸಬ್‌ಸ್ಕ್ರಿಪ್ಶನ್ ಪೈಕಿ ಯಾವುದನ್ನು ಆರಿಸಬೇಕು

"ಒಂದೇ ಸಲ ಬೀಪ್ ಅಂತು ಕಣಪ್ಪ, ಆಮೇಲೆ ಸುಮ್ನಾಗೋಯ್ತು."

ನಮ್ಮೂರಿನ ಹಾಲಿನ ಡೈರಿಯ ಕಾರ್ಯದರ್ಶಿ ಬೆಳಗ್ಗೆ ಆರೂವರೆಗೆ ಫೋನ್ ಮಾಡಿ ಹೇಳಿದ ಮಾತು ಇದು. ಅವರಿಗೆ ಜಾವಾಎಫ್‌ಎಕ್ಸ್‌ನಲ್ಲಿ, ಅಂದರೆ ಜಾವಾದಲ್ಲಿ ಕಿಟಕಿ, ಬಟನ್ ಇರುವ ಸಾಫ್ಟ್‌ವೇರ್ ಬರೆಯುವ ಲೈಬ್ರರಿಯಲ್ಲಿ, ಒಂದು ಪುಟ್ಟ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ತಕ್ಕಡಿಯಿಂದ ತೂಕ ಬರುತ್ತದೆ. ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ನೋಡಿ ದರ ಗೊತ್ತಾಗುತ್ತದೆ. ಹಾಲು ಹಾಕಿದವರ ಕೈಗೆ ಚೀಟಿ ಬರುತ್ತದೆ. ಪ್ರತಿ ತೂಕಕ್ಕೂ ಒಂದು ಬೀಪ್ ಬರಬೇಕಿತ್ತು. ಮನೆಯಲ್ಲಿ ಹತ್ತಾರು ಸಲ ನೋಡಿದ್ದೆ, ಸರಿಯಾಗಿಯೇ ಬರುತ್ತಿತ್ತು. ಡೈರಿಯಲ್ಲಿ ಮೊದಲ ಕ್ಯಾನಿಗೆ ಬಂತು. ಎರಡನೆಯದಕ್ಕೆ ಇಲ್ಲ, ಮೂರನೆಯದಕ್ಕೂ ಇಲ್ಲ.

ಕಾರಣ ಹುಡುಕೋಣ ಅಂತ ಲಿಸನರ್ ಒಳಗೆ, ಅಂದರೆ ತೂಕ ಬದಲಾದಾಗ ಓಡುವ ಕೋಡಿನ ಒಳಗೆ, ತೂಕವನ್ನು ಪ್ರಿಂಟ್ ಮಾಡುವ ಒಂದು ಸಾಲು ಸೇರಿಸಿದೆ. ಬೀಪ್ ಮತ್ತೆ ಸರಿಯಾಗಿ ಬರತೊಡಗಿತು! ಸಾಲು ತೆಗೆದರೆ ನಿಲ್ಲುತ್ತದೆ, ಹಾಕಿದರೆ ಬರುತ್ತದೆ. ಮನೆಯಲ್ಲಿ ಪರೀಕ್ಷೆ ಮಾಡುವಾಗ ಇದೇ ಸಾಲು ಇತ್ತು. ಡೈರಿಗೆ ಕೊಡುವ ಮುಂಚೆ "ಇದು ಬೇಡ" ಅಂತ ಅಳಿಸಿದ್ದೆ. ವಿಷಯ ಅರ್ಥವಾಗಲು ಅರ್ಧ ದಿನ ಹಿಡಿಯಿತು. ಅರ್ಥವಾದ ಮೇಲೆ ನಾನು ಬರೆದ ಪ್ರತಿಯೊಂದು ಲಿಸನರ್ ಅನ್ನೂ ಮತ್ತೆ ತೆಗೆದು ನೋಡಿದೆ. ನಿಮಗೆ ಆ ಅರ್ಧ ದಿನ ಉಳಿಯಲಿ ಅಂತ ಈ ಬರಹ.

ಪ್ರಾಪರ್ಟಿ ಅಂದರೇನು ಅನ್ನುವುದನ್ನು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. ಸಾಮಾನ್ಯ ವೇರಿಯಬಲ್ ಬದಲಾದರೆ ಯಾರಿಗೂ ತಿಳಿಯುವುದಿಲ್ಲ. ಜಾವಾಎಫ್‌ಎಕ್ಸ್‌ನ ಪ್ರಾಪರ್ಟಿ ಹಾಗಲ್ಲ, ತನ್ನ ವ್ಯಾಲ್ಯೂ ಬದಲಾದದ್ದನ್ನು ತಾನೇ ಹೇಳುತ್ತದೆ. ಹೇಗೆ ಹೇಳಬೇಕು, ಎಷ್ಟು ಹೇಳಬೇಕು, ಎಲ್ಲಿಯವರೆಗೆ ಹೇಳುತ್ತಲೇ ಇರಬೇಕು ಅನ್ನುವುದು ನಮ್ಮ ಆಯ್ಕೆ.

ಇನ್‌ವ್ಯಾಲಿಡೇಶನ್ ಲಿಸನರ್ ಮತ್ತು ಚೇಂಜ್ ಲಿಸನರ್

ಎರಡನ್ನೂ ಸೇರಿಸುವ ಮೆಥಡ್‌ನ ಹೆಸರು ಒಂದೇ, ಆಡ್‌ಲಿಸನರ್. ಗೊಂದಲ ಶುರುವಾಗುವುದೇ ಇಲ್ಲಿಂದ. ನೀವು ಕೊಡುವ ಲ್ಯಾಂಬ್ಡಾಗೆ (ಹೆಸರಿಲ್ಲದ ಪುಟ್ಟ ಫಂಕ್ಷನ್‌ಗೆ) ಒಂದು ಪ್ಯಾರಾಮೀಟರ್ ಇದ್ದರೆ ಅದು ಇನ್‌ವ್ಯಾಲಿಡೇಶನ್ ಲಿಸನರ್. ಮೂರು ಇದ್ದರೆ, ಅಂದರೆ ಪ್ರಾಪರ್ಟಿ, ಹಳೇ ವ್ಯಾಲ್ಯೂ, ಹೊಸ ವ್ಯಾಲ್ಯೂ ಇದ್ದರೆ, ಚೇಂಜ್ ಲಿಸನರ್. ನನಗೆ ಬೀಪ್ ಮಾಡುವುದಷ್ಟೇ ಬೇಕಿತ್ತು, ಹಳೇದು ಹೊಸದು ಯಾವುದೂ ಬೇಕಿರಲಿಲ್ಲ. ಹಾಗಾಗಿ ಒಂದು ಪ್ಯಾರಾಮೀಟರ್‌ನ ಚಿಕ್ಕ ಲ್ಯಾಂಬ್ಡಾ ಬರೆದೆ. ಬರವಣಿಗೆ ಚಿಕ್ಕದಾಯಿತು ಅಷ್ಟೇ ಅಂದುಕೊಂಡಿದ್ದೆ. ಆದರೆ ಲಿಸನರ್‌ನ ಜಾತಿಯೇ ಬದಲಾಗಿತ್ತು.

ಇನ್‌ವ್ಯಾಲಿಡೇಶನ್ ಅಂದರೆ "ವ್ಯಾಲ್ಯೂ ಬದಲಾಯಿತು" ಅಂತಲ್ಲ. "ನಿನಗೆ ಗೊತ್ತಿರುವ ವ್ಯಾಲ್ಯೂ ಹಳೇದಾಗಿರಬಹುದು" ಅಂತ. ಅಂಗಡಿಯ ಸ್ಲೇಟಿನ ಮೇಲೆ ಇವತ್ತಿನ ಒಟ್ಟು ಲೆಕ್ಕ ಬರೆದಿದೆ ಅಂದುಕೊಳ್ಳಿ. ಹೊಸ ವ್ಯಾಪಾರ ಆದಾಗ ಆ ಲೆಕ್ಕದ ಮೇಲೆ ಒಂದು ಅಡ್ಡಗೆರೆ ಎಳೆಯುತ್ತೀರಿ. ಇನ್ನೊಂದು ವ್ಯಾಪಾರ ಆದರೆ ಮತ್ತೆ ಗೆರೆ ಎಳೆಯುವ ಅಗತ್ಯ ಇಲ್ಲ, ಲೆಕ್ಕ ಆಗಲೇ ಹಳೇದಾಗಿದೆ. ಯಾರಾದರೂ ಬಂದು "ಒಟ್ಟು ಎಷ್ಟಾಯ್ತು?" ಅಂತ ಕೇಳಿದಾಗ ಕೂಡಿಸಿ ಹೊಸದಾಗಿ ಬರೆಯುತ್ತೀರಿ. ಆಮೇಲೆ ಬರುವ ವ್ಯಾಪಾರಕ್ಕೆ ಮತ್ತೆ ಅಡ್ಡಗೆರೆ.

ಪ್ರಾಪರ್ಟಿ ಮಾಡುವುದೂ ಇದನ್ನೇ. ಒಮ್ಮೆ "ಹಳೇದಾಯಿತು" ಅಂತ ಹೇಳಿದ ಮೇಲೆ, ಯಾರಾದರೂ ಗೆಟ್ ಕರೆದು ವ್ಯಾಲ್ಯೂ ಓದುವ ತನಕ ಮತ್ತೆ ಹೇಳುವುದಿಲ್ಲ. ನನ್ನ ಕೋಡಿನಲ್ಲಿ ತೂಕದ ಪ್ರಾಪರ್ಟಿಯನ್ನು ಯಾರೂ ಓದುತ್ತಿರಲಿಲ್ಲ. ತೆರೆಯ ಮೇಲಿನ ಅಂಕಿಯೂ ಚೀಟಿಯೂ ತಕ್ಕಡಿಯಿಂದ ಬಂದ ಅಂಕಿಯನ್ನೇ ನೇರವಾಗಿ ತೆಗೆದುಕೊಳ್ಳುತ್ತಿದ್ದವು. ಪ್ರಿಂಟ್ ಮಾಡುವ ಸಾಲು ಮಾತ್ರ ಗೆಟ್ ಕರೆಯುತ್ತಿತ್ತು. ಅದನ್ನು ಅಳಿಸಿದಾಗ ಓದುವವರೇ ಇಲ್ಲವಾದರು. ಹಾಗಾಗಿ ಪ್ರಾಪರ್ಟಿ ಒಂದು ಸಲ ಕೂಗಿ ಸುಮ್ಮನಾಯಿತು. ಇದು ಜಾವಾಎಫ್‌ಎಕ್ಸ್‌ನ ದೋಷ ಅಲ್ಲ. ಬೇಕೆಂದೇ ಹೀಗೆ ಮಾಡಿದ್ದಾರೆ.

ಚೇಂಜ್ ಲಿಸನರ್ ಹಾಗಲ್ಲ. ಅದಕ್ಕೆ ಹೊಸ ವ್ಯಾಲ್ಯೂ ಕೈಗೆ ಕೊಡಬೇಕು. ಕೊಡಬೇಕೆಂದರೆ ಲೆಕ್ಕ ಹಾಕಲೇಬೇಕು. ಅಂದರೆ ಒಂದು ಪ್ರಾಪರ್ಟಿಗೆ ಒಂದೇ ಒಂದು ಚೇಂಜ್ ಲಿಸನರ್ ಹಾಕಿದರೂ ಅದು ಪ್ರತಿ ಸಲ ತಕ್ಷಣ ಲೆಕ್ಕ ಹಾಕುತ್ತದೆ. ಅದೇ ಪ್ರಾಪರ್ಟಿಗೆ ಇರುವ ಇನ್‌ವ್ಯಾಲಿಡೇಶನ್ ಲಿಸನರ್‌ಗಳೂ ಆಗ ಪ್ರತಿ ಸಲ ಎಚ್ಚರವಾಗುತ್ತವೆ. ಒಬ್ಬರ ಕೋಡಿಗೆ ಇನ್ನೊಬ್ಬರು ಚೇಂಜ್ ಲಿಸನರ್ ಸೇರಿಸಿದ್ದರಿಂದ ಹಳೇ ಬಗ್ ತಾನಾಗಿಯೇ ಮಾಯವಾಗುವುದು ಹೀಗೆ. ಅವರು ಅದನ್ನು ತೆಗೆದ ದಿನ ಬಗ್ ವಾಪಸ್ ಬರುತ್ತದೆ.

ಖರ್ಚಿನ ಮಾತು. ಬೆಳಗಿನ ಹೊತ್ತು 200 ಜನ ಹಾಲು ಹಾಕುತ್ತಾರೆ ಅಂದುಕೊಳ್ಳಿ. ಒಟ್ಟು ಹಾಲಿನ ಲೆಕ್ಕ ಒಂದು ಬೈಂಡಿಂಗ್, ಅಂದರೆ ಬೇರೆ ವ್ಯಾಲ್ಯೂಗಳಿಂದ ತಾನೇ ಲೆಕ್ಕವಾಗುವ ವ್ಯಾಲ್ಯೂ. ಅದು 200 ಸಾಲುಗಳನ್ನು ಕೂಡಿಸುತ್ತದೆ. ಹಳೇ ದಿನದ ಫೈಲ್ ತೆರೆದಾಗ 200 ಸಾಲುಗಳ ವ್ಯಾಲ್ಯೂ ಒಂದೊಂದಾಗಿ ಬದಲಾಗುತ್ತದೆ. ಒಟ್ಟಿನ ಮೇಲೆ ಚೇಂಜ್ ಲಿಸನರ್ ಇದ್ದರೆ ಪ್ರತಿ ಸಾಲಿಗೂ 200ರ ಕೂಡಿಕೆ, ಅಂದರೆ 40,000 ಕೂಡಿಕೆ. ಇನ್‌ವ್ಯಾಲಿಡೇಶನ್ ಇದ್ದರೆ, ಕೊನೆಗೆ ತೆರೆಯ ಮೇಲೆ ಬರೆಯುವಾಗ ಒಂದೇ ಸಲ 200 ಕೂಡಿಕೆ. ನಿಜ ಹೇಳಬೇಕೆಂದರೆ 40,000 ಕೂಡಿಕೆ ಇವತ್ತಿನ ಕಂಪ್ಯೂಟರ್‌ಗೆ ಏನೂ ಅಲ್ಲ. ಬರೀ ಈ ಕಾರಣಕ್ಕೆ ಇನ್‌ವ್ಯಾಲಿಡೇಶನ್ ಕಡೆ ಓಡಬೇಡಿ. ಆದರೆ ಕೂಡಿಕೆಯ ಜಾಗದಲ್ಲಿ ದರಪಟ್ಟಿ ಹುಡುಕುವುದೋ, ದೊಡ್ಡ ಚಿತ್ರ ಮತ್ತೆ ಬಿಡಿಸುವುದೋ ಇದ್ದರೆ ತೆರೆ ಅಂಟಿಕೊಂಡಂತೆ ಆಗುತ್ತದೆ. ಆಗ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಆಬ್ಜೆಕ್ಟ್ ಪ್ರಾಪರ್ಟಿಗೆ ಸೆಟ್ ಮಾಡಿದಾಗ, ಮೊದಲು ಅದು ಅದೇ ಆಬ್ಜೆಕ್ಟಾ ಬೇರೆಯದಾ ಅಂತಷ್ಟೇ ನೋಡುತ್ತದೆ. ಬೇರೆಯದಾಗಿದ್ದರೆ ಇನ್‌ವ್ಯಾಲಿಡೇಶನ್ ಆಗುತ್ತದೆ. ಚೇಂಜ್ ಲಿಸನರ್ ಕರೆಯುವ ಮುಂಚೆ ಮಾತ್ರ ಈಕ್ವಲ್ಸ್ ಕೇಳಿ, ಎರಡೂ ಸಮ ಅಂದರೆ ಸುಮ್ಮನಾಗುತ್ತದೆ. ಇವತ್ತಿನ ದಿನಾಂಕದ ಜಾಗಕ್ಕೆ ಇವತ್ತಿನದೇ ಹೊಸ ದಿನಾಂಕದ ಆಬ್ಜೆಕ್ಟ್ ಹಾಕಿದರೆ ಒಂದು ಲಿಸನರ್ ಏಳುತ್ತದೆ, ಇನ್ನೊಂದು ಏಳುವುದಿಲ್ಲ. ದುಡ್ಡಿನ ಲೆಕ್ಕಕ್ಕೆ ಬಿಗ್‌ಡೆಸಿಮಲ್ ಬಳಸುವವರು ಇದನ್ನು ನೆನಪಿಡಿ. ಬಿಗ್‌ಡೆಸಿಮಲ್‌ನ ಈಕ್ವಲ್ಸ್ ಪ್ರಕಾರ 6.5 ಮತ್ತು 6.50 ಸಮ ಅಲ್ಲ. ರೈತರಿಗೆ ಎರಡೂ ಒಂದೇ ಮೊತ್ತ, ಆದರೆ ಚೇಂಜ್ ಲಿಸನರ್ ಎದ್ದು ಕೂರುತ್ತದೆ. ಸೆಟ್ ಮಾಡುವ ಮೊದಲೇ ಎಲ್ಲವನ್ನೂ ಎರಡು ದಶಾಂಶಕ್ಕೆ ತಂದುಬಿಟ್ಟರೆ ಈ ತಲೆನೋವು ಇರುವುದಿಲ್ಲ.

ಹಾಗಾದರೆ ಯಾವುದು? ಕೈಯಾರೆ ಬರೆಯುವ ಲಿಸನರ್‌ಗೆ ನಾನು ಮೊದಲು ಚೇಂಜ್ ಲಿಸನರ್ ಅನ್ನೇ ಹಿಡಿಯುತ್ತೇನೆ. ಪ್ಯಾರಾಮೀಟರ್ ಬಳಸದಿದ್ದರೂ ಪರವಾಗಿಲ್ಲ, ಮೂರನ್ನೂ ಬರೆಯುತ್ತೇನೆ. ಇನ್‌ವ್ಯಾಲಿಡೇಶನ್ ನನಗೆ ಬೇಕಾಗುವುದು ಎರಡು ಕಡೆ. ಒಂದು, "ಮುಂದಿನ ಸಲ ಬಿಡಿಸುವಾಗ ಹೊಸದಾಗಿ ಬಿಡಿಸು" ಅಂತ ಗುರುತು ಹಾಕುವಾಗ. ನಾನೇ ಬರೆದ ಕಂಟ್ರೋಲ್‌ಗಳಲ್ಲಿ ಇದು ತುಂಬ ಉಪಯೋಗ. ಇನ್ನೊಂದು, ಬೇರೆ ಬೇರೆ ಬಗೆಯ ಐದಾರು ಪ್ರಾಪರ್ಟಿಗಳಿಗೆ ಒಂದೇ ಲಿಸನರ್ ಹಾಕುವಾಗ. ಹೆಸರು ಸ್ಟ್ರಿಂಗ್, ತೂಕ ಡಬಲ್, ಸಾಲುಗಳು ಲಿಸ್ಟ್. ಇನ್‌ವ್ಯಾಲಿಡೇಶನ್ ಲಿಸನರ್‌ಗೆ ಟೈಪ್‌ನ ಹಂಗಿಲ್ಲ, ಒಂದನ್ನೇ ಎಲ್ಲಕ್ಕೂ ಹಾಕಬಹುದು. ಎರಡೂ ಕಡೆ ಒಂದು ಶಿಸ್ತು ಬೇಕು: ಎಲ್ಲಾದರೂ ಒಂದು ಕಡೆ ವ್ಯಾಲ್ಯೂ ಓದಲೇಬೇಕು.

ಲೆಕ್ಕದಿಂದ ಬರುವುದಕ್ಕೆ ಬೈಂಡಿಂಗ್

ಮೊತ್ತ ಅಂದರೆ ಲೀಟರ್ ಗುಣಿಸು ದರ. ಇದನ್ನು ಲಿಸನರ್‌ನಲ್ಲಿ ಬರೆದರೆ ಲೀಟರ್‌ಗೆ ಒಂದು ಲಿಸನರ್, ದರಕ್ಕೆ ಒಂದು ಲಿಸನರ್, ಎರಡರಲ್ಲೂ ಅದೇ ಗುಣಾಕಾರ. ಇಷ್ಟಾದ ಮೇಲೂ ಒಂದು ಮರೆತುಹೋಗುತ್ತದೆ: ತೆರೆ ಮೊದಲ ಸಲ ತೆರೆದಾಗ ಏನೂ ಬದಲಾಗಿರುವುದಿಲ್ಲ, ಹಾಗಾಗಿ ಮೊತ್ತದ ಜಾಗ ಖಾಲಿ ಇರುತ್ತದೆ. ಅದಕ್ಕೆ ಮತ್ತೊಂದು ಸಲ ಕೈಯಾರೆ ಲೆಕ್ಕ ಹಾಕಬೇಕು. ಒಂದೇ ಲೆಕ್ಕ ಮೂರು ಕಡೆ. ಆರು ತಿಂಗಳ ನಂತರ ಯಾರೋ ಬೋನಸ್ ಸೇರಿಸಲು ಬಂದಾಗ ಎರಡು ಕಡೆ ತಿದ್ದಿ ಮೂರನೆಯದನ್ನು ಬಿಡುತ್ತಾರೆ.

ಬೈಂಡಿಂಗ್‌ನಲ್ಲಿ "ಮೊತ್ತ ಅಂದರೆ ಇದು" ಅಂತ ಒಂದೇ ಕಡೆ ಹೇಳುತ್ತೀರಿ. ಮೊದಲ ಸಲವೂ ಸರಿ, ಆಮೇಲೂ ಸರಿ. 6 ಲೀಟರ್, ದರ 35 ರೂಪಾಯಿ, ಮೊತ್ತ 210. ಲೀಟರ್ 7 ಆದರೆ ಮೊತ್ತ 245, ನೀವು ಏನೂ ಮಾಡಬೇಕಿಲ್ಲ. ಒಂದು ವ್ಯಾಲ್ಯೂ ಇನ್ನೊಂದರಿಂದ ಹುಟ್ಟುತ್ತದೆ ಅಂದರೆ ಅಲ್ಲಿ ಲಿಸನರ್ ಬರೆಯಲೇಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬಟನ್ ಆನ್ ಇರಬೇಕಾ ಆಫ್ ಇರಬೇಕಾ, ಯಾವ ಬಣ್ಣ, ಯಾವ ಬರಹ, ಇವೆಲ್ಲ ಹೆಚ್ಚಾಗಿ ಬೈಂಡಿಂಗ್‌ನ ಕೆಲಸಗಳೇ. ಬೀಪ್ ಮಾಡುವುದು, ಫೈಲಿಗೆ ಬರೆಯುವುದು, ಪ್ರಿಂಟರ್‌ಗೆ ಕಳಿಸುವುದು, ಇವು ಹೊರಗೆ ನಡೆಯುವ ಕೆಲಸಗಳು. ಇವನ್ನು ಬೈಂಡಿಂಗ್‌ನ ಲೆಕ್ಕದೊಳಗೆ ತುರುಕಬೇಡಿ. ಬೈಂಡಿಂಗ್ ಯಾವಾಗ ಲೆಕ್ಕ ಹಾಕುತ್ತದೆ, ಎಷ್ಟು ಸಲ ಹಾಕುತ್ತದೆ ಅನ್ನುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ.

ಬೈಂಡ್ ಮಾಡಿದ ಪ್ರಾಪರ್ಟಿಗೆ ಆಮೇಲೆ ಸೆಟ್ ಮಾಡಿದರೆ ಎಕ್ಸೆಪ್ಶನ್ ಬರುತ್ತದೆ. ಕಂಪೈಲರ್ ಹಿಡಿಯುವುದಿಲ್ಲ, ಓಡುವಾಗಲೇ ಬರುತ್ತದೆ. ಮೊದಮೊದಲು ಕಿರಿಕಿರಿ ಅನ್ನಿಸಿದರೂ ಇದು ಒಳ್ಳೆಯದೇ. ಒಂದೇ ಜಾಗಕ್ಕೆ ಇಬ್ಬರು ಬರೆಯುತ್ತಿದ್ದಾರೆ ಅಂತ ತಕ್ಷಣ ಗೊತ್ತಾಗುತ್ತದೆ.

ಎರಡೂ ಕಡೆಯಿಂದ ಬದಲಾಗಬೇಕಿದ್ದರೆ ಬೈಂಡ್‌ಬೈಡೈರೆಕ್ಷನಲ್ ಇದೆ. ಇಲ್ಲಿ ಎಚ್ಚರ ಬೇಕಾದದ್ದು ಮೊದಲ ಕ್ಷಣದಲ್ಲಿ. ಯಾವ ಪ್ರಾಪರ್ಟಿಯ ಮೇಲೆ ಈ ಮೆಥಡ್ ಕರೆಯುತ್ತೀರೋ, ಅದು ಇನ್ನೊಂದರ ವ್ಯಾಲ್ಯೂವನ್ನು ತೆಗೆದುಕೊಳ್ಳುತ್ತದೆ. ತೆರೆಯ ಹೆಸರಿನ ಬಾಕ್ಸ್ ಖಾಲಿ ಇದೆ, ರೈತರ ದಾಖಲೆಯಲ್ಲಿ ಹೆಸರಿದೆ. ಬಾಕ್ಸ್‌ನ ಮೇಲೆ ಕರೆದರೆ ಬಾಕ್ಸ್‌ಗೆ ಹೆಸರು ಬರುತ್ತದೆ. ದಾಖಲೆಯ ಮೇಲೆ ಕರೆದರೆ ದಾಖಲೆಯ ಹೆಸರೇ ಖಾಲಿ! ಸಾಲು ನೋಡಲು ಎರಡೂ ಒಂದೇ ಥರ ಇರುತ್ತವೆ, ಅದಕ್ಕೇ ಕಣ್ಣು ತಪ್ಪುತ್ತದೆ.

ಟೆಕ್ಸ್ಟ್ ಬಾಕ್ಸ್‌ನಲ್ಲಿ ಟೈಪ್ ಮಾಡುವುದನ್ನು ತಡೆಯಬೇಕಾದಾಗ

ಇದು ಲಿಸನರ್‌ನ ಅತಿ ಸಾಮಾನ್ಯ ದುರುಪಯೋಗ, ಕನ್ನಡದಲ್ಲಿ ಟೈಪ್ ಮಾಡುವವರಿಗೆ ಜಾಸ್ತಿ ತೊಂದರೆ ಕೊಡುವುದೂ ಇದೇ. ಹೆಸರು ಇಷ್ಟು ಅಕ್ಷರ ಮೀರಬಾರದು ಅಂತ ಟೆಕ್ಸ್ಟ್ ಪ್ರಾಪರ್ಟಿಗೆ ಚೇಂಜ್ ಲಿಸನರ್ ಹಾಕಿ, ಉದ್ದವಾದರೆ ಕತ್ತರಿಸಿ ಮತ್ತೆ ಸೆಟ್ ಮಾಡುತ್ತಾರೆ. ಲಿಸನರ್ ತಾನು ಕೇಳುತ್ತಿರುವ ಪ್ರಾಪರ್ಟಿಯನ್ನೇ ಬದಲಿಸಿದರೆ ಅದರೊಳಗೇ ಮತ್ತೊಂದು ಬದಲಾವಣೆ ಶುರುವಾಗುತ್ತದೆ. ಆ ಪ್ರಾಪರ್ಟಿಗೆ ಇನ್ನೊಂದು ಲಿಸನರ್ ಇದ್ದರೆ ಅದಕ್ಕೆ ಸುದ್ದಿ ತಲುಪುವ ಕ್ರಮ ಗಲಿಬಿಲಿಯಾಗುತ್ತದೆ. ಕರ್ಸರ್ ಎಲ್ಲೆಲ್ಲೋ ಹಾರುತ್ತದೆ.

ಕನ್ನಡದ ವಿಷಯ ಕೇಳಿ. "ಲಕ್ಷ್ಮಮ್ಮ" ಅನ್ನುವ ಹೆಸರಿನಲ್ಲಿ ಕಣ್ಣಿಗೆ ಕಾಣುವುದು ಮೂರು ಅಕ್ಷರ: ಲ, ಕ್ಷ್ಮ, ಮ್ಮ. ಜಾವಾ ಲೆಂತ್ ಕೇಳಿದರೆ 9 ಅನ್ನುತ್ತದೆ. ಪ್ರತಿ ವ್ಯಂಜನ, ಒತ್ತಕ್ಷರ ಕೂಡಿಸುವ ಪ್ರತಿ ವಿರಾಮ (್) ಬೇರೆ ಬೇರೆ ಕೋಡ್. ಎಂಟಕ್ಕೆ ಕತ್ತರಿಸಿದರೆ "ಲಕ್ಷ್ಮಮ್" ಅಂತ ವಿರಾಮ ನೇತಾಡುತ್ತದೆ. ಹೆಸರೇ ಕೆಟ್ಟುಹೋಯಿತು ಅಲ್ವಾ? ಇಂಗ್ಲಿಷ್ ಹೆಸರು ಹಾಕಿ ಪರೀಕ್ಷೆ ಮಾಡಿದವರಿಗೆ ಇದು ಯಾವತ್ತೂ ಕಾಣುವುದಿಲ್ಲ. ನಮ್ಮ ಜನರ ಹೆಸರು ನಮ್ಮ ಲಿಪಿಯಲ್ಲಿ ಸರಿಯಾಗಿ ಬರಬೇಕೆಂದರೆ ಪರೀಕ್ಷೆಗೂ ಇಂಥ ಹೆಸರುಗಳನ್ನೇ ಕೊಡಬೇಕು.

ಇದಕ್ಕೆಂದೇ ಟೆಕ್ಸ್ಟ್‌ಫಾರ್ಮ್ಯಾಟರ್ ಇದೆ. ಜಾವಾ 8ರ ಅಪ್‌ಡೇಟ್ 40ರಿಂದ ಸಿಗುತ್ತದೆ. ಅದರ ಫಿಲ್ಟರ್‌ಗೆ ಬದಲಾವಣೆ ಇನ್ನೂ ಆಗುವ ಮುಂಚೆಯೇ ಬರುತ್ತದೆ. ಬೇಡವಾದರೆ ನಲ್ ಕೊಟ್ಟರಾಯಿತು, ಬದಲಾವಣೆ ಆಗುವುದೇ ಇಲ್ಲ. ಆದ ಮೇಲೆ ಕತ್ತರಿಸುವುದಕ್ಕೂ ಆಗುವ ಮುಂಚೆ ತಡೆಯುವುದಕ್ಕೂ ತುಂಬ ವ್ಯತ್ಯಾಸ ಇದೆ. ಅಂಕಿ ತುಂಬುವ ಬಾಕ್ಸ್‌ಗೂ ಇದೇ ಒಳ್ಳೆಯದು. ಒಂದೊಂದು ಕೀ ಒತ್ತಿದಾಗಲೂ ಟೆಕ್ಸ್ಟ್ ಪ್ರಾಪರ್ಟಿ ಬದಲಾಗುತ್ತದೆ. 6.5 ಬರೆಯುವವರು ನಡುವೆ "6." ಅನ್ನುವಲ್ಲಿ ಇರುತ್ತಾರೆ. ಫಾರ್ಮ್ಯಾಟರ್‌ನ ವ್ಯಾಲ್ಯೂ ಪ್ರಾಪರ್ಟಿ ಬದಲಾಗುವುದು ಎಂಟರ್ ಒತ್ತಿದಾಗ ಅಥವಾ ಬೇರೆ ಬಾಕ್ಸ್‌ಗೆ ಹೋದಾಗ ಮಾತ್ರ. ಲಿಸನರ್ ಅಲ್ಲಿಗೆ ಹಾಕಿ.

ಹಾಕಿದ ಲಿಸನರ್ ತೆಗೆಯುವವರು ಯಾರು?

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು. ಆಯ್ಕೆ ಮಾಡುವಾಗ ಬಹಳ ಜನ ಕೊನೆಗೆ ಕೇಳುತ್ತಾರೆ. ಮೊದಲು ಕೇಳಬೇಕು.

ಡೈರಿಯ ಸಾಫ್ಟ್‌ವೇರ್‌ನಲ್ಲಿ ಇವತ್ತಿನ ದರ ಒಂದು ಪ್ರಾಪರ್ಟಿ. ಸಾಫ್ಟ್‌ವೇರ್ ತೆರೆದಾಗ ಹುಟ್ಟುತ್ತದೆ, ಮುಚ್ಚಿದಾಗ ಹೋಗುತ್ತದೆ. ಪ್ರತಿ ರೈತರ ಪಾಸ್‌ಬುಕ್ ತೋರಿಸುವುದು ಒಂದು ಕಿಟಕಿ, ಎರಡು ನಿಮಿಷ ಬದುಕುತ್ತದೆ. ಈ ಕಿಟಕಿ ದರಕ್ಕೆ ಒಂದು ಲಿಸನರ್ ಹಾಕಿದರೆ, ದರದ ಪ್ರಾಪರ್ಟಿ ಆ ಲಿಸನರ್ ಅನ್ನು ಬಿಗಿಯಾಗಿ ಹಿಡಿದಿರುತ್ತದೆ. ಲಿಸನರ್ ಕಿಟಕಿಯನ್ನು ಹಿಡಿದಿರುತ್ತದೆ. ನೀವು ಕಿಟಕಿ ಮುಚ್ಚಿದರೂ ಅದು ಮೆಮೊರಿಯಿಂದ ಹೋಗುವುದಿಲ್ಲ. 60 ಪಾಸ್‌ಬುಕ್ ನೋಡಿ ಮುಚ್ಚಿದ ಮೇಲೆ ದರ ಬದಲಿಸಿದರೆ, ಕಾಣದ 60 ಕಿಟಕಿಗಳು ತಮ್ಮ ಮೊತ್ತವನ್ನು ಶ್ರದ್ಧೆಯಿಂದ ಮತ್ತೆ ಲೆಕ್ಕ ಹಾಕುತ್ತವೆ. ಬೆಳಗ್ಗೆ ಚುರುಕಾಗಿದ್ದ ಸಾಫ್ಟ್‌ವೇರ್ ಮಧ್ಯಾಹ್ನಕ್ಕೆ ನಿಧಾನ ಅಂದರೆ ನಾನು ಮೊದಲು ನೋಡುವುದು ಇದನ್ನೇ. ಉಲ್ಟಾ ದಿಕ್ಕಿನಲ್ಲಿ ಭಯ ಇಲ್ಲ. ಕಿಟಕಿ ತನ್ನದೇ ಬಾಕ್ಸ್‌ಗಳಿಗೆ ಹಾಕಿಕೊಂಡ ಲಿಸನರ್ ಕಿಟಕಿಯ ಜೊತೆಗೇ ಹೋಗುತ್ತದೆ. ಕಡಿಮೆ ಬದುಕುವುದು ಜಾಸ್ತಿ ಬದುಕುವುದಕ್ಕೆ ಕಿವಿಗೊಟ್ಟಾಗ ಮಾತ್ರ ಎಚ್ಚರ ಬೇಕು.

ಮೊದಲ ದಾರಿ ರಿಮೂವ್‌ಲಿಸನರ್. ಸರಳ, ಆದರೆ ಹಾಕಿದ ಅದೇ ಆಬ್ಜೆಕ್ಟ್ ಅನ್ನೇ ಕೊಡಬೇಕು. ಹಾಕುವಾಗ ಒಂದು ಮೆಥಡ್ ರೆಫರೆನ್ಸ್, ತೆಗೆಯುವಾಗ ಅದೇ ಥರ ಬರೆದ ಇನ್ನೊಂದು ಮೆಥಡ್ ರೆಫರೆನ್ಸ್ ಕೊಟ್ಟರೆ ಏನೂ ತೆಗೆಯುವುದಿಲ್ಲ. ಯಾಕೆಂದರೆ ಅವು ಎರಡು ಬೇರೆ ಆಬ್ಜೆಕ್ಟ್‌ಗಳು. ಎಕ್ಸೆಪ್ಶನ್ ಇಲ್ಲ, ಎಚ್ಚರಿಕೆ ಇಲ್ಲ, ಲಿಸನರ್ ಅಲ್ಲೇ ಇರುತ್ತದೆ. ಮೊದಲು ಒಂದು ಫೀಲ್ಡ್‌ನಲ್ಲಿ ಇಟ್ಟುಕೊಂಡು ಅದನ್ನೇ ಹಾಕಿ, ಅದನ್ನೇ ತೆಗೆಯಿರಿ. ಇದರ ಜೊತೆಗೆ, ಒಂದೇ ಲಿಸನರ್ ಎರಡು ಸಲ ಹಾಕಿದರೆ ಎರಡು ಸಲ ಕರೆಯುತ್ತದೆ. ಒಂದು ಸಲ ತೆಗೆದರೆ ಒಂದೇ ಹೋಗುತ್ತದೆ.

ಎರಡನೆಯದು ವೀಕ್ ಲಿಸನರ್. ದರದ ಪ್ರಾಪರ್ಟಿ ಇದನ್ನು ಸಡಿಲವಾಗಿ ಹಿಡಿಯುತ್ತದೆ, ಕಿಟಕಿ ಬೇಡವಾದಾಗ, ಬಳಕೆಯಲ್ಲಿ ಇಲ್ಲದ್ದನ್ನು ಮೆಮೊರಿಯಿಂದ ತೆಗೆಯುವ ಗಾರ್ಬೇಜ್ ಕಲೆಕ್ಟರ್ ಒಯ್ಯುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಒಳಗಿನ ನಿಜವಾದ ಲಿಸನರ್ ಅನ್ನು ನೀವು ಫೀಲ್ಡ್‌ನಲ್ಲಿ ಹಿಡಿದಿರಬೇಕು. ಲ್ಯಾಂಬ್ಡಾವನ್ನು ಅಲ್ಲೇ ಒಳಗೆ ಬರೆದು ಕೊಟ್ಟರೆ ಅದನ್ನು ಹಿಡಿದವರೇ ಇಲ್ಲ. ಸ್ವಲ್ಪ ಹೊತ್ತು ಕೆಲಸ ಮಾಡಿ, ಕಲೆಕ್ಟರ್ ಓಡಿದ ಮೇಲೆ ಮೌನವಾಗುತ್ತದೆ. ಇಂಥ ಬಗ್ ನಿಮ್ಮ ಮೇಜಿನ ಮೇಲೆ ಬರುವುದು ಕಷ್ಟ, ಬಳಸುವವರ ಮೇಜಿನ ಮೇಲೆ ಮಾತ್ರ ಬರುತ್ತದೆ. ಇನ್ನೊಂದು ಕಡೆ, ಮುಚ್ಚಿದ ಕಿಟಕಿ ಕಲೆಕ್ಟರ್ ಬರುವ ತನಕ ಕೇಳುತ್ತಲೇ ಇರುತ್ತದೆ. ಬೇರೆ ದಾರಿ ಇದ್ದಾಗ ನಾನು ಇದನ್ನು ಆರಿಸುವುದಿಲ್ಲ.

ಬೈಂಡಿಂಗ್‌ಗಳು ಒಳಗೊಳಗೆ ವೀಕ್ ಲಿಸನರ್ ಅನ್ನೇ ಬಳಸುತ್ತವೆ. ಕಿಟಕಿಯ ಲೇಬಲ್ ಅನ್ನು ದರಕ್ಕೆ ಬೈಂಡ್ ಮಾಡಿದರೆ ಮೆಮೊರಿ ಲೀಕ್ ಆಗುವುದಿಲ್ಲ. ಲೇಬಲ್ ಬೈಂಡಿಂಗ್ ಅನ್ನು ಬಿಗಿಯಾಗಿ ಹಿಡಿದಿರುತ್ತದೆ, ಬೈಂಡಿಂಗ್ ಲೇಬಲ್ ಅನ್ನು ಸಡಿಲವಾಗಿ. ಬೈಂಡಿಂಗ್ ಪರ ಇದು ಇನ್ನೊಂದು ದೊಡ್ಡ ಕಾರಣ. ಆದರೆ ಲೀಟರ್ ಗುಣಿಸು ದರ ಅನ್ನುವ ಬೈಂಡಿಂಗ್ ಮಾಡಿ, ಅದನ್ನು ಯಾವ ಫೀಲ್ಡ್‌ನಲ್ಲೂ ಇಡದೆ, ಅದೇ ಸಾಲಿನಲ್ಲಿ ಅದಕ್ಕೊಂದು ಲಿಸನರ್ ಹಾಕಿದರೆ? ಆ ನಡುವಿನ ಬೈಂಡಿಂಗ್ ಅನ್ನು ಯಾರೂ ಹಿಡಿದಿಲ್ಲ. ಕಲೆಕ್ಟರ್ ಒಯ್ದ ಮೇಲೆ ನಿಮ್ಮ ಲಿಸನರ್‌ಗೆ ಸುದ್ದಿಯೇ ಬರುವುದಿಲ್ಲ. ನಡುವಿನ ಬೈಂಡಿಂಗ್‌ಗೆ ಲಿಸನರ್ ಹಾಕುವಾಗ ಬೈಂಡಿಂಗ್ ಅನ್ನು ಫೀಲ್ಡ್‌ನಲ್ಲಿ ಇಡಿ. ಅಥವಾ ಜಾವಾಎಫ್‌ಎಕ್ಸ್ 19ರಲ್ಲಿ ಬಂದ, ಒಂದು ವ್ಯಾಲ್ಯೂನಿಂದ ಇನ್ನೊಂದನ್ನು ಮಾಡಿಕೊಡುವ ಮ್ಯಾಪ್ ಮೆಥಡ್ ಬಳಸಿ. ಅದನ್ನು ಯಾರಾದರೂ ಕೇಳುತ್ತಿರುವ ತನಕ ಅದು ಮಾಯವಾಗುವುದಿಲ್ಲ. ಕೇಳುವವರು ಇಲ್ಲವಾದಾಗ ತಾನೇ ಮೂಲದಿಂದ ಕಳಚಿಕೊಳ್ಳುತ್ತದೆ.

ಜಾವಾಎಫ್‌ಎಕ್ಸ್ 20ರಲ್ಲಿ ಬಂದ ಇನ್ನೊಂದು ಮೆಥಡ್ ವೆನ್. "ಈ ಕಿಟಕಿ ಕಾಣುತ್ತಿರುವಾಗ ಮಾತ್ರ ದರವನ್ನು ಕೇಳು" ಅಂತ ಹೇಳಬಹುದು. ಕಾಣದಿದ್ದಾಗ ಕೊನೆಯ ವ್ಯಾಲ್ಯೂ ಉಳಿಯುತ್ತದೆ, ದರದ ಜೊತೆ ಸಂಬಂಧ ಇರುವುದಿಲ್ಲ. ಮತ್ತೆ ಕಂಡಾಗ ಹೊಸ ದರ ತೆಗೆದುಕೊಳ್ಳುತ್ತದೆ. ತೆರೆದು ಮುಚ್ಚುವ ಟ್ಯಾಬ್‌ಗಳಿಗೆ ಇದಕ್ಕಿಂತ ಚೆಂದದ ದಾರಿ ನಾನು ನೋಡಿಲ್ಲ.

ಸಬ್‌ಸ್ಕ್ರಿಪ್ಶನ್ ಬಂದದ್ದು ಜಾವಾಎಫ್‌ಎಕ್ಸ್ 21ರಲ್ಲಿ, 2023ರ ಸೆಪ್ಟೆಂಬರ್‌ನಲ್ಲಿ. ಸಬ್‌ಸ್ಕ್ರೈಬ್ ಮಾಡಿದಾಗ ಒಂದು ಚೀಟಿಯ ಥರದ ಆಬ್ಜೆಕ್ಟ್ ಕೈಗೆ ಬರುತ್ತದೆ. ತೆಗೆಯಬೇಕಾದಾಗ ಆ ಚೀಟಿಯ ಅನ್‌ಸಬ್‌ಸ್ಕ್ರೈಬ್ ಕರೆದರಾಯಿತು. ಯಾವ ಪ್ರಾಪರ್ಟಿಗೆ ಯಾವ ಲಿಸನರ್ ಹಾಕಿದ್ದೆ ಅಂತ ನೆನಪಿಡಬೇಕಿಲ್ಲ. ಹತ್ತು ಚೀಟಿಗಳನ್ನು ಸೇರಿಸಿ ಒಂದೇ ಮಾಡಬಹುದು, ಕಿಟಕಿ ಮುಚ್ಚುವಾಗ ಒಂದೇ ಸಾಲಿನಲ್ಲಿ ಎಲ್ಲ ಹೋಗುತ್ತವೆ. ಹೊಸ ಕೆಲಸಕ್ಕೆ ನಾನು ಈಗ ಇದನ್ನೇ ಬಳಸುತ್ತೇನೆ.

ಆದರೆ ಪ್ಯಾರಾಮೀಟರ್‌ಗಳ ಲೆಕ್ಕ ಇಲ್ಲಿ ಬೇರೆ, ದಯವಿಟ್ಟು ಗಮನಿಸಿ. ಸಬ್‌ಸ್ಕ್ರೈಬ್‌ಗೆ ಪ್ಯಾರಾಮೀಟರ್ ಇಲ್ಲದ ಲ್ಯಾಂಬ್ಡಾ ಕೊಟ್ಟರೆ ಇನ್‌ವ್ಯಾಲಿಡೇಶನ್, ಅಂದರೆ ನನ್ನ ಬೀಪ್‌ನ ಬಗ್ ಇಲ್ಲೂ ಕಾದು ಕೂತಿದೆ. ಒಂದು ಕೊಟ್ಟರೆ ಹೊಸ ವ್ಯಾಲ್ಯೂ ಬರುತ್ತದೆ, ಮತ್ತು ಸಬ್‌ಸ್ಕ್ರೈಬ್ ಮಾಡಿದ ಕೂಡಲೇ ಈಗಿನ ವ್ಯಾಲ್ಯೂ ಜೊತೆ ಒಂದು ಸಲ ಕರೆಯುತ್ತದೆ. ಎರಡು ಕೊಟ್ಟರೆ ಹಳೇದು ಮತ್ತು ಹೊಸದು. ಆಡ್‌ಲಿಸನರ್‌ನಲ್ಲಿ ಒಂದು ಪ್ಯಾರಾಮೀಟರ್ ಅಂದರೆ ಇನ್‌ವ್ಯಾಲಿಡೇಶನ್, ಇಲ್ಲಿ ಒಂದು ಅಂದರೆ ವ್ಯಾಲ್ಯೂ. ಹಳೇ ಕೋಡ್ ಅನ್ನು ಹೊಸದಕ್ಕೆ ಬದಲಿಸುವಾಗ ಸುಮ್ನೆ ಮೆಥಡ್ ಹೆಸರು ಬದಲಿಸಿದರೆ ಅರ್ಥ ಬದಲಾಗುತ್ತದೆ.

ಜಾವಾಎಫ್‌ಎಕ್ಸ್ 21 ಓಡಲು ಜಾವಾ 17 ಬೇಕು. ಇನ್ನೂ ಜಾವಾ 8ರಲ್ಲೇ ಇರುವ ಸಾಫ್ಟ್‌ವೇರ್ ಬಹಳ ಇದೆ. 2018ರಲ್ಲಿ ಬಂದ ಜಾವಾ 11ರಿಂದ ಜಾವಾಎಫ್‌ಎಕ್ಸ್ ಜೆಡಿಕೆಯಿಂದ, ಅಂದರೆ ಜಾವಾದ ಮೂಲ ಕಿಟ್‌ನಿಂದ, ಬೇರೆಯಾಯಿತು, ಹಾಗಾಗಿ 8ರಲ್ಲೇ ನಿಂತವರು ತುಂಬ ಜನ. ಅವರಿಗೆ ನನ್ನ ಸಲಹೆ: ಕಿಟಕಿಯಲ್ಲಿ ಒಂದು ಪಟ್ಟಿ ಇಟ್ಟುಕೊಳ್ಳಿ. ಲಿಸನರ್ ಹಾಕಿದ ಮರುಸಾಲಿನಲ್ಲೇ ಅದನ್ನು ತೆಗೆಯುವ ಕೆಲಸವನ್ನು ಆ ಪಟ್ಟಿಗೆ ಸೇರಿಸಿ. ಮುಚ್ಚುವಾಗ ಪಟ್ಟಿಯಲ್ಲಿ ಇರುವುದನ್ನೆಲ್ಲ ಓಡಿಸಿ. ಹತ್ತು ಸಾಲಿನ ಕೋಡ್, ಸಬ್‌ಸ್ಕ್ರಿಪ್ಶನ್‌ನ ಮುಕ್ಕಾಲು ಪಾಲು ಲಾಭ ಸಿಗುತ್ತದೆ.

ಲಿಸ್ಟ್, ಥ್ರೆಡ್

ಲಿಸ್ಟ್‌ಗೆ ಲಿಸನರ್ ಹಾಕಿದರೆ ಸಾಲು ಸೇರಿದ್ದು, ಹೋದದ್ದು ಗೊತ್ತಾಗುತ್ತದೆ. ಇರುವ ಸಾಲಿನ ಒಳಗೆ ಲೀಟರ್ ಬದಲಾದದ್ದು ಗೊತ್ತಾಗುವುದಿಲ್ಲ. ಅದಕ್ಕೆ ಪ್ರತಿ ಸಾಲಿಗೂ ಬೇರೆ ಲಿಸನರ್ ಹಾಕುತ್ತಾ ಕೂರಬೇಡಿ. ಲಿಸ್ಟ್ ಮಾಡುವಾಗಲೇ ಎಕ್ಸ್‌ಟ್ರ್ಯಾಕ್ಟರ್ (ಸಾಲಿನ ಯಾವ ಪ್ರಾಪರ್ಟಿಗಳನ್ನು ಗಮನಿಸಬೇಕು ಅಂತ ಹೇಳುವ ಫಂಕ್ಷನ್) ಕೊಟ್ಟರೆ, ಒಳಗಿನ ಪ್ರಾಪರ್ಟಿ ಬದಲಾದಾಗಲೂ ಲಿಸ್ಟ್ ಹೇಳುತ್ತದೆ. ಸಾಲು ಅಳಿಸಿದಾಗ ಆ ಲಿಸನರ್ ಅನ್ನೂ ಅದೇ ತೆಗೆಯುತ್ತದೆ.

ಯಾವ ಥ್ರೆಡ್‌ನಲ್ಲಿ (ಒಂದೇ ಸಾಫ್ಟ್‌ವೇರ್ ಒಳಗೆ ಜೊತೆಜೊತೆಗೆ ಓಡುವ ಕೆಲಸದ ಎಳೆಗಳಲ್ಲಿ ಒಂದು) ಸೆಟ್ ಮಾಡುತ್ತೀರೋ ಲಿಸನರ್ ಅದೇ ಥ್ರೆಡ್‌ನಲ್ಲಿ ಓಡುತ್ತದೆ. ತಕ್ಕಡಿಯ ಅಂಕಿ ಸೀರಿಯಲ್ ಪೋರ್ಟ್‌ನಿಂದ ಬೇರೆ ಥ್ರೆಡ್‌ನಲ್ಲಿ ಬರುತ್ತದೆ. ಅಲ್ಲಿಂದಲೇ ಪ್ರಾಪರ್ಟಿಗೆ ಸೆಟ್ ಮಾಡಿದರೆ ತೆರೆಯ ಭಾಗಗಳನ್ನು ತಪ್ಪು ಥ್ರೆಡ್ ಮುಟ್ಟುತ್ತದೆ. ಬೈಂಡಿಂಗ್ ಇದ್ದರೆ ಇದು ಕಣ್ಣಿಗೆ ಕಾಣುವುದೂ ಇಲ್ಲ, ಯಾಕೆಂದರೆ ಲೇಬಲ್ ಮುಟ್ಟುವ ಸಾಲು ನಿಮ್ಮ ಕೋಡಿನಲ್ಲಿ ಇರುವುದಿಲ್ಲ. ಲಿಸನರ್‌ನ ಒಳಗೆ ಅಲ್ಲ, ಸೆಟ್ ಮಾಡುವ ಜಾಗದಲ್ಲೇ, ಕೆಲಸವನ್ನು ತೆರೆಯ ಥ್ರೆಡ್‌ಗೆ ಕಳಿಸುವ ಪ್ಲಾಟ್‌ಫಾರ್ಮ್‌ನ ರನ್‌ಲೇಟರ್ ಹಾಕಿ. ಒಂದು ಕಡೆ ಹಾಕಿದರೆ ಎಲ್ಲ ಲಿಸನರ್‌ಗಳಿಗೂ ಸಾಕು.

ಬೀಪ್‌ಗೆ ಯಾವುದು ಸರಿ?

ಬಗ್ ಗೊತ್ತಾದ ಮೇಲೆ ಇನ್‌ವ್ಯಾಲಿಡೇಶನ್ ತೆಗೆದು ಚೇಂಜ್ ಲಿಸನರ್ ಹಾಕಿ ಡೈರಿಗೆ ಕೊಟ್ಟೆ. ಎರಡು ದಿನ ಚೆನ್ನಾಗಿ ನಡೆಯಿತು. ಮೂರನೇ ದಿನ ಮತ್ತೆ ಫೋನ್. "ಎಲ್ಲರಿಗೂ ಬರ್ತದೆ, ಒಬ್ರಿಗೆ ಮಾತ್ರ ಬರಲಿಲ್ಲ ನೋಡಪ್ಪ."

ಡೈರಿಗೆ ಹೋಗಿ ಆ ಹೊತ್ತಿನ ಪಟ್ಟಿ ನೋಡಿದೆ. ಅವರ ಹಾಲು 6.5. ಅವರ ಹಿಂದಿನವರದೂ 6.5. ತಕ್ಕಡಿ ನಿಂತಾಗ ಮಾತ್ರ ತೂಕವನ್ನು ಪ್ರಾಪರ್ಟಿಗೆ ಹಾಕುತ್ತಿದ್ದೆ, ನಡುವಿನ ಸೊನ್ನೆಯನ್ನು ಹಾಕುತ್ತಿರಲಿಲ್ಲ. 6.5 ಇದ್ದ ಕಡೆ ಮತ್ತೆ 6.5 ಹಾಕಿದರೆ ವ್ಯಾಲ್ಯೂ ಬದಲಾಗಿಲ್ಲ. ಚೇಂಜ್ ಲಿಸನರ್ ಏಳಲಿಲ್ಲ, ಇನ್‌ವ್ಯಾಲಿಡೇಶನ್ ಇದ್ದಿದ್ದರೂ ಏಳುತ್ತಿರಲಿಲ್ಲ. ಅವರಿಬ್ಬರೂ ಬೇರೆ ಬೇರೆ ಹಸುವಿನ ಹಾಲು ತಂದಿದ್ದರು, ಪ್ರಾಪರ್ಟಿಗೆ ಮಾತ್ರ ಎರಡೂ ಒಂದೇ.

ಪ್ರಾಪರ್ಟಿ ಹೇಳುವುದು "ಈಗ ಎಷ್ಟಿದೆ" ಅನ್ನುವುದನ್ನು. ನನಗೆ ಬೇಕಿದ್ದದ್ದು "ಈಗೊಂದು ತೂಕ ಆಯಿತು" ಅನ್ನುವ ಸುದ್ದಿ. ಅದು ಬಟನ್ ಒತ್ತಿದ ಹಾಗೆ ಒಂದು ಘಟನೆ, ವ್ಯಾಲ್ಯೂ ಅಲ್ಲ. ಅಲ್ಲಿಗೆ ಯಾವ ಲಿಸನರ್ ಹಾಕಬೇಕು ಅನ್ನುವ ನನ್ನ ಪ್ರಶ್ನೆಯೇ ತಪ್ಪಾಗಿತ್ತು. ತಕ್ಕಡಿಯ ಅಂಕಿ ಓದುವ ಮೆಥಡ್‌ನ ಕೊನೆಯಲ್ಲಿ ಬೀಪ್ ಅನ್ನು ನೇರವಾಗಿ ಕರೆದೆ. ಲಿಸನರ್ ಅಳಿಸಿದೆ. ಅದನ್ನು ಬಿಟ್ಟರೆ ತೂಕದ ಪ್ರಾಪರ್ಟಿಯನ್ನು ಯಾರೂ ಕೇಳುತ್ತಿರಲಿಲ್ಲ, ಹಾಗಾಗಿ ಅದನ್ನೂ ಅಳಿಸಿದೆ. ಈಗ ಬೆಳಗ್ಗೆ ಆರೂವರೆಗೆ ಡೈರಿಯ ಮುಂದೆ ನಿಂತರೆ, ಸಾಲಾಗಿ 6.5 ಬಂದರೂ ಪ್ರತಿ ಕ್ಯಾನಿಗೂ ಬೀಪ್ ಕೇಳುತ್ತದೆ.